ಮಣ್ಣಿನ ವಿದ್ಯೆಗೆ ಗುರುಗಳು

ವಿದ್ಯೆಯುಳ್ಳವರೆಲ್ಲರೂ ಗುರುಗಳಾಗಲಾರರು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ಮೇಲ್ಮೆಯ ವಾದವು ಬಿದ್ದಾಗ ಪರಿವ್ರಾಜಿಕೆಯು ಹೇಳುವ ನ್ಯಾಯವೂ ಇದೇ: ಒಬ್ಬನಿಗೆ ಕಲೆಯು ಸ್ವಾಧೀನವಾಗಿರುವುದು, ಇನ್ನೊಬ್ಬನಿಗೆ ಅದನ್ನು ಪರರಿಗೆ ದಾಟಿಸುವ ಬಲವಿರುವುದು; ಎರಡೂ ಉಳ್ಳವನೇ ಶಿಕ್ಷಕರಲ್ಲಿ ಅಗ್ರಗಣ್ಯನು. ಈ ಮಾತು ಕುಂಬಾರಿಕೆಗೂ ಸಲ್ಲತಕ್ಕದ್ದು.

ನಮ್ಮ ಕಿತ್ತೂರು ಸೀಮೆಯ ಒಕ್ಕಲು ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆ ಇನ್ನೂ ನಡೆದಿದೆ. ಆದರೆ ಎತ್ತುಗಳನ್ನು ತಿದ್ದುವ ಕುಂಬಾರರ ಮಕ್ಕಳಲ್ಲಿ ಅನೇಕರು ತಿಗರಿಯನ್ನು ಬಿಟ್ಟು ಅನ್ಯ ಉದ್ಯೋಗವನ್ನು ಹಿಡಿದಿರುವರು. ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ಕುಗಳು ಅಡಿಗೆಮನೆಯನ್ನು ಹೊಕ್ಕಂತೆಲ್ಲ ಗಡಿಗೆ ಮಗೆಗಳು ಹೊರಬಿದ್ದವಷ್ಟೆ. ತಂದೆಯಿಂದ ಮಗನಿಗೆ ಇಳಿದು ಬಂದ ವಿದ್ಯೆಯು ಮನೆಯಲ್ಲಿಯೇ ನಿಂತುಹೋದರೆ, ಅದನ್ನು ಉಳಿಸಲು ಊರವರೆಲ್ಲರೂ ಕೂಡಿ ಕಲಿಯುವ ವರ್ಗಗಳೇ ಗತಿ. ಆ ವರ್ಗಗಳಿಗೆ ಕಲಿಸುವವರು ಯಾರು?

ಮಲಪ್ರಭೆಯು ಹುಟ್ಟುವ ಖಾನಾಪುರ ತಾಲೂಕು ನಮಗೆ ನೆರೆಯದು. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯುಂಟು. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಕುಂಬಾರಿಕೆಯೂ ಒಂದು. ಅದರಲ್ಲಿ ಮೊದಲ ತರಬೇತಿಗೆ 5ರಿಂದ 7 ದಿನಗಳು, ದಿನಕ್ಕೆ 500 ರೂಪಾಯಿ ಭತ್ಯ. ಕಸಬುದಾರನಿಗೆ ಇದು ಉಪಕಾರವೇ ಅಹುದು. ಆದರೆ ಕಸಬುದಾರನನ್ನು ಶಿಕ್ಷಕನನ್ನಾಗಿ ಮಾಡುವ ಕಾರ್ಯವು ಬೇರೆಯದು.

ಹಸಿ ಗಡಿಗೆಯು ಆವಿಗೆಯಲ್ಲಿ ಏಕೆ ಸಿಡಿಯಿತೆಂದು ಶಿಷ್ಯನು ಕೇಳಿದರೆ, ಕುಂಬಾರನ ಕೈ ಬಲ್ಲುದನ್ನು ನಾಲಿಗೆಯು ಹೇಳಲರಿಯದು. ಒಳಗುಳಿದ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಆವಿಯಾಗಿ, ಹೊರಬರಲು ದಾರಿ ಕಾಣದೆ ಗೋಡೆಯನ್ನು ಒಡೆಯುವುದು. 573 ಡಿಗ್ರಿಯ ಸುಮಾರಿಗೆ ಮರಳಿನ ಕಣಗಳು ಒಮ್ಮೆಲೆ ಹಿಗ್ಗುವುವು. ಆರುವಾಗ ಅಲ್ಲಿಯೇ ಕುಗ್ಗುವುವು. ಆದುದರಿಂದ ಗಡಿಗೆಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಬೆಂಕಿಯನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸತಕ್ಕದ್ದು. ಈ ಕಾರಣವನ್ನು ಬಿಡಿಸಿ ಹೇಳಲು ಕಲಿತವನೇ ಶಿಕ್ಷಕನು.

ಎರಡನೆಯದು ಆರೋಗ್ಯದ ಎಚ್ಚರ. ಒಣಮಣ್ಣಿನ ನಯವಾದ ಧೂಳಿಯಲ್ಲಿ ಸಿಲಿಕಾ ಇರುವುದು. ಅದು ವರುಷಗಟ್ಟಲೆ ಉಸಿರಿನೊಡನೆ ಒಳಹೊಕ್ಕರೆ ಪುಪ್ಪುಸಗಳು ಕೆಡುವುವು. ವರ್ಗದ ನೆಲವನ್ನು ಗುಡಿಸದೆ ಒದ್ದೆಯ ಬಟ್ಟೆಯಿಂದ ಒರೆಸತಕ್ಕದ್ದು. ಉಣ್ಣುವ ಪಾತ್ರೆಗಳಿಗೆ ಸೀಸ ಬೆರೆತ ಮೆರುಗು ಸರ್ವಥಾ ಕೂಡದು.

ಮೂರನೆಯದು ಶಿಷ್ಯರ ಮನವನ್ನು ಅರಿಯುವುದು. ತಿಗರಿಯ ಮೇಲೆ ಮಣ್ಣನ್ನು ನಡುವಿಗೆ ನಿಲ್ಲಿಸುವುದೇ ಹೊಸಬನಿಗೆ ಪ್ರಯಾಸ. ಗುರುವು ಅವನ ಕೈಯಿಂದ ಮಣ್ಣನ್ನು ಕಸಿದು ತಾನೇ ಗಡಿಗೆ ಮಾಡಿಟ್ಟರೆ ನೋಟವಾಯಿತು, ಪಾಠವಾಗಲಿಲ್ಲ.

1937ರ ವರ್ಧಾ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು ಕೈಕಸಬನ್ನೇ ಶಿಕ್ಷಣದ ನಡುವೆ ಇರಿಸಬೇಕೆಂದರು. ಅದು ಕೈಗೂಡಬೇಕಾದರೆ ಕುಂಬಾರನನ್ನು ಹಬ್ಬಕ್ಕೊಮ್ಮೆ ನೆನೆದರೆ ಸಾಲದು. ಅವನಿಗೆ ಬೋಧನೆಯ ತರಬೇತಿಯನ್ನು ಕೊಡಿಸಿ, ಸಾಲೆಯಲ್ಲಿ ಮಾಸ್ತರರ ಸಮಾನವಾದ ಆಸನವನ್ನೂ ತಕ್ಕ ಸಂಬಳವನ್ನೂ ಕೊಡತಕ್ಕದ್ದು. ಅಪ್ಪನ ಕಸಬಿಗೆ ಮಾನವುಂಟೆಂದು ಕಂಡರೆ ಮಗನು ತಿಗರಿಯನ್ನು ಬಿಡುವ ಮುನ್ನ ಒಮ್ಮೆ ಯೋಚಿಸುವನು.