ಕಡಲ ನಡುವಣ ನಾಡಿನ ಆರೋಗ್ಯಚಿಂತೆ

ಭಾರತದ ನೈರುತ್ಯಕ್ಕೆ ಹಿಂದೂ ಮಹಾಸಾಗರದಲ್ಲಿ ಹರಡಿಕೊಂಡಿರುವ ಸುಮಾರು 1,200 ಹವಳದ ದ್ವೀಪಗಳ ದೇಶವೇ ಮಾಲ್ಡೀವ್ಸ್. ಇವುಗಳಲ್ಲಿ ಜನವಸತಿಯುಳ್ಳವು ಇನ್ನೂರಕ್ಕೂ ಕಡಿಮೆ. ನೆಲದ ಬಹುಭಾಗ ಸಮುದ್ರಮಟ್ಟದಿಂದ ಒಂದು ಮೀಟರಿನಷ್ಟೂ ಎತ್ತರವಿಲ್ಲ. ಭೂಮಿಯ ತಾಪದೊಡನೆ ಕಡಲೂ ಏರುತ್ತಿದೆ. ಈ ನಾಡು ಮುಂದೊಮ್ಮೆ ಮುಳುಗೀತೆಂಬ ಭಯವನ್ನು ಎಲ್ಲರೂ ಬಲ್ಲರು. ಆದರೆ ನೆಲ ಮುಳುಗುವುದಕ್ಕೆ ಬಹು ಮೊದಲೇ ಅಲ್ಲಿಯ ಜನರ ಆರೋಗ್ಯಕ್ಕೆ ಕುತ್ತು ಒದಗುತ್ತದೆ. ನಾವು ಇಲ್ಲಿ ವಿವೇಚಿಸಬಯಸುವುದು ಈ ಸಂಗತಿಯನ್ನು.

ಕುತ್ತಿನ ಮೂಲ ನೀರು. ದ್ವೀಪದ ಮರಳಿನಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುಪದರವಾಗಿ ನಿಂತಿರುತ್ತದೆ. ಕಡಲು ಒಳನುಗ್ಗಿದರೆ ಅದು ಕೆಡುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಭೂಕಂಪದಿಂದ ಉಂಟಾದುದು, ಹವಾಮಾನದಿಂದಲ್ಲ. ಆದರೂ ಆ ಅನಾಹುತದ ಸ್ವರೂಪವನ್ನು ಅದು ತೋರಿಸಿಕೊಟ್ಟಿತು. ಬಾವಿಗಳು ಉಪ್ಪಾದವು, ಆಸ್ಪತ್ರೆಗಳೂ ಆರೋಗ್ಯ ಕೇಂದ್ರಗಳೂ ಹಾನಿಗೊಂಡವು.

ಬಾವಿ ಕೆಟ್ಟಲ್ಲಿ ಮಳೆನೀರನ್ನು ತೊಟ್ಟಿಗಳಲ್ಲಿ ಕೂಡಿಡಬೇಕು. ಮುಚ್ಚಳ ಸರಿಯಿಲ್ಲದ ತೊಟ್ಟಿಯಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಹೀಗೆ ಬಾಯಾರಿಕೆ ನೀಗುವ ನೀರೇ ಜ್ವರದ ತವರಾಗುತ್ತದೆ. ಮಲೇರಿಯಾಮುಕ್ತ ದೇಶವೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಈ ನಾಡು ಡೆಂಗ್ಯೂವಿನಿಂದ ಪಾರಾಗಿಲ್ಲ.

ರಾಜಧಾನಿ ಮಾಲೆ ನಗರಕ್ಕೆ ಉಪ್ಪು ತೆಗೆದ ಕಡಲನೀರೇ ಆಧಾರ. 2014ರ ಡಿಸೆಂಬರ್ 4ರಂದು ಆ ನೀರಿನ ಸ್ಥಾವರಕ್ಕೆ ಬೆಂಕಿ ಬಿದ್ದು ಸುಮಾರು ಒಂದು ಲಕ್ಷ ಜನ ನೀರಿಗಾಗಿ ಪರಿತಪಿಸಿದರು. ನಮ್ಮ ದೇಶ ವಿಮಾನಗಳಲ್ಲಿಯೂ ಹಡಗುಗಳಲ್ಲಿಯೂ ನೀರು ಕಳುಹಿತು. ನೆರೆಯವರ ನೆರವು ದೊಡ್ಡದೇ ಸರಿ. ಆದರೆ ಹೆರಿಗೆಯ ನೋವು ಹಡಗು ಬರುವತನಕ ಕಾಯದು.

ಆದುದರಿಂದ ಸಿದ್ಧತೆ ಮುಂಚಿತವಾಗಿಯೇ ಆಗಬೇಕು. 2017ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯದ ರಾಷ್ಟ್ರಗಳು, ಭಾರತವೂ ಸೇರಿ, ಮಾಲೆಯಲ್ಲಿ ಸಭೆ ಸೇರಿ, ಹವಾಮಾನದ ಆಘಾತವನ್ನು ತಾಳಬಲ್ಲ ಆರೋಗ್ಯ ವ್ಯವಸ್ಥೆಯನ್ನು ಕಟ್ಟುವ ಘೋಷಣೆಯನ್ನು ಅಂಗೀಕರಿಸಿದವು. ಘೋಷಣೆ ಸಾರ್ಥಕವಾಗುವುದು ಸಣ್ಣ ದ್ವೀಪದ ಆರೋಗ್ಯ ಕೇಂದ್ರದಲ್ಲಿ. ಬಿರುಗಾಳಿಯ ದಿನ ದೋಣಿ ಹೊರಡದು. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲಾಗದು. ಆಗ ಅಲ್ಲಿಯೇ ಔಷಧದ ದಾಸ್ತಾನು, ಶುದ್ಧ ನೀರು, ಲಸಿಕೆಯನ್ನು ತಂಪಾಗಿಡುವ ವಿದ್ಯುತ್ತು, ತರಬೇತಿ ಹೊಂದಿದ ದಾದಿ ಇರಬೇಕು. ವಿದ್ಯುತ್ ಯಂತ್ರ ಅಲೆಗೆ ಸಿಲುಕದ ಎತ್ತರದಲ್ಲಿರಬೇಕು.

ಬಾಯಾರಿದ ಮೇಲೆ ಬಾವಿ ತೋಡಬಾರದೆಂಬುದು ನಮ್ಮ ಹಿರಿಯರ ಮಾತು. ತೋಡಿದ ಬಾವಿಯೂ ಉಪ್ಪಾಗುವ ನಾಡಿಗೆ ಆ ಮಾತು ಇಮ್ಮಡಿ ಸತ್ಯ. ಲೋಕದ ತಾಪಕ್ಕೆ ಆ ಜನ ಸೇರಿಸಿದ ಪಾಲು ಅತ್ಯಲ್ಪ. ಅವರ ಸಿದ್ಧತೆಯ ಭಾರವನ್ನು ಹೆಚ್ಚು ಸೇರಿಸಿದವರೂ ಹೊರುವುದು ದಾನವಲ್ಲ, ಋಣಸಂದಾಯವೆಂದೇ ನಾವು ಭಾವಿಸುತ್ತೇವೆ.