ನಡುವಿನ ಸುತ್ತಳತೆ

ಹಂಪೆಗೆ ಹೋದವರು ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡದೆ ಬರುವುದಿಲ್ಲ. ಆದರೆ ಆ ದೇವಾಲಯದಿಂದ ತುಸು ದೂರದಲ್ಲಿ ನಿಂತಿರುವ ಎರಡು ಎತ್ತರದ ಕಲ್ಲುಕಂಬಗಳ ಮುಂದೆ ನಿಲ್ಲುವವರು ಕಡಮೆ. ಕಂಬಗಳ ಮೇಲೆ ಒಂದು ಅಡ್ಡತೊಲೆ. ಅದರ ಕೆಳಮೈಯಲ್ಲಿ ತಕ್ಕಡಿಯನ್ನು ತೂಗುಹಾಕಲು ಮೂರು ಕಲ್ಲಿನ ಬಳೆಗಳು. ಅರಸರ ತುಲಾಭಾರವೆಂದು ಅದನ್ನು ಕರೆಯುತ್ತಾರೆ. ಗ್ರಹಣ, ಪಟ್ಟಾಭಿಷೇಕ ಮೊದಲಾದ ದಿನಗಳಲ್ಲಿ ವಿಜಯನಗರದ ಅರಸರು ಒಂದು ತಟ್ಟೆಯಲ್ಲಿ ಕುಳಿತು, ಇನ್ನೊಂದರಲ್ಲಿ ತಮ್ಮ ತೂಕದ ಹೊನ್ನನ್ನಿರಿಸಿ ದಾನಮಾಡುತ್ತಿದ್ದರೆಂದು ಪ್ರತೀತಿ. ದಾನ ಪಡೆಯುವವರಿಗೆ ಅರಸನ ತೂಕ ಹೆಚ್ಚಿದಷ್ಟೂ ಲಾಭ. ಆ ತೂಕ ತೋಳಿನದೋ ಹೊಟ್ಟೆಯದೋ ಎಂದು ಕೇಳುವ ಪ್ರಮೇಯವೇ ಇರಲಿಲ್ಲ.

ಇಂದಿನ ವೈದ್ಯರು ಕೇಳುವುದು ಅದನ್ನೇ. ಹೊಟ್ಟೆಯ ಒಳಗೆ, ಯಕೃತ್ತು ಕರುಳುಗಳ ಸುತ್ತ ಸೇರುವ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಹಾದಿ ಮಾಡಿಕೊಡುತ್ತದೆ. ನಮ್ಮ ದೇಶದವರಲ್ಲಿ ಕೈಕಾಲು ಸಣ್ಣಗಿದ್ದು ನಡು ಮಾತ್ರ ದಪ್ಪಗಿರುವವರು ಬಹಳ; ಅಂಥವರನ್ನು ತಕ್ಕಡಿ ಗುರುತಿಸಲಾರದು. ಆದುದರಿಂದಲೇ ಭಾರತೀಯ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ನಡುವಿನ ಸುತ್ತಳತೆಯ ಎಲ್ಲೆಯೆಂದು ವೈದ್ಯರು ಇಟ್ಟುಕೊಂಡಿದ್ದಾರೆ. ನಡು ಎತ್ತರದ ಅರ್ಧವನ್ನು ಮೀರಬಾರದೆಂಬ ಇನ್ನೊಂದು ಸುಲಭ ಸೂತ್ರವೂ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ತಕ್ಕಡಿಯ ಜೊತೆಗೆ ಟೇಪನ್ನೂ ಹಿಡಿದು ಮನೆಮನೆಗೆ ಹೋದರು.

ಈ ವಿಷಯ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನನ್ನ ತಂದೆ ಹೊಸಪೇಟೆಯಲ್ಲಿ ದರ್ಜಿ. ತಾಯಿ ಅದೇ ಅಂಗಡಿಯಲ್ಲಿ ಕಾಜ ಗುಂಡಿ ಹಾಕುತ್ತಾ ಕುಳಿತಲ್ಲೇ ದಿನ ಕಳೆಯುವವಳು. ಕಳೆದ ವರ್ಷ ಅವ್ವನಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾಯಿತು. ವೈದ್ಯರು ಮಾತ್ರೆ ಬರೆದುಕೊಟ್ಟು, ನಡು ಇಳಿಯಬೇಕು, ದಿನವೂ ನಡೆಯಬೇಕು ಎಂದರು. ಮನೆಯಲ್ಲಿ ಓದಿದವಳು ನಾನೊಬ್ಬಳೇ ಆದುದರಿಂದ ಅಳತೆಯ ಅಧಿಕಾರ ನನ್ನ ಪಾಲಿಗೆ ಬಂತು. ಮೊದಲ ದಿನ 91 ಸೆಂಟಿಮೀಟರು. ಒಂದು ತಿಂಗಳ ಮೇಲೆ 86! ಅವ್ವನ ಸಂತೋಷಕ್ಕೆ ಪಾರವಿಲ್ಲ. ಬಸವಣ್ಣ ಕಾಲುವೆಯ ದಂಡೆಯ ಸಂಜೆಯ ನಡಿಗೆ ವಾರಕ್ಕೆರಡು ದಿನ ತಪ್ಪಿತು. ಹಬ್ಬದ ಹೋಳಿಗೆ ಒಂದಿದ್ದುದು ಮೂರಾಯಿತು. ರಕ್ತದ ಸಕ್ಕರೆ ಮಾತ್ರ ನಮ್ಮ ಸಂತೋಷದಲ್ಲಿ ಪಾಲುಗೊಳ್ಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅದು ಇಳಿದಿರಲೇ ಇಲ್ಲ.

ನನಗೆ ದಿಕ್ಕು ತೋಚದೆ ಅಪ್ಪನನ್ನು ಕೇಳಿದೆ. ಅವನು ಕತ್ತರಿ ಕೆಳಗಿಟ್ಟು, "ಯಾವ ಟೇಪು ಹಿಡಿದಿದ್ದಿ, ಯವ್ವಾ?" ಎಂದ. ಮೊಳೆಗೆ ತೂಗುಬಿಟ್ಟಿದ್ದ ಹಳೆಯ ಟೇಪನ್ನು ತೋರಿಸಿದೆ. ಅಪ್ಪ ನಕ್ಕು, ಪಕ್ಕದ ಬಟ್ಟೆ ಅಂಗಡಿಯಿಂದ ಸರ್ಕಾರದ ಮುದ್ರೆಯೊತ್ತಿದ ಕಬ್ಬಿಣದ ಮೀಟರು ಕೋಲನ್ನು ತಂದು ಅದರ ಮೇಲೆ ಟೇಪನ್ನು ಹಾಸಿದ. ಕೋಲಿನ ಒಂದು ಮೀಟರು ಟೇಪಿನಲ್ಲಿ 98½ ಸೆಂಟಿಮೀಟರಿಗೇ ಮುಗಿದುಹೋಯಿತು. ವರ್ಷಗಟ್ಟಲೆ ಎಳೆದಾಡಿದ ಟೇಪು ಹಿಗ್ಗಿತ್ತು. ಹಿಗ್ಗಿದ ಟೇಪು ದಪ್ಪವನ್ನು ಕಡಮೆ ಮಾಡಿ ಹೇಳುತ್ತದೆ. ಮುಖಸ್ತುತಿ ಮಾಡುವ ಗೆಳೆಯನಂತೆ.

ಟೇಪಿನ ತಪ್ಪು ಒಂದೂವರೆ ಸೆಂಟಿಮೀಟರಿಗಿಂತ ಕಡಮೆಯೇ. ಉಳಿದುದೆಲ್ಲ ನನ್ನದು. ಮೊದಲ ಸಲ ಹೊಸ ಟೇಪಿನಿಂದ, ರಾತ್ರಿ ಊಟವಾದ ಮೇಲೆ, ಸೀರೆಯ ಮೇಲೆಯೇ, ಹೊಕ್ಕುಳಿನ ನೇರಕ್ಕೆ ಅಳೆದಿದ್ದೆ. ಎರಡನೆಯ ಸಲ ಹಳೆಯ ಟೇಪಿನಿಂದ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ನಡು ಎಲ್ಲಿ ಸಣ್ಣಗೆ ಕಂಡಿತೋ ಅಲ್ಲಿ. ಅವ್ವ ಪಾಪ, ಮಗಳನ್ನು ಮೆಚ್ಚಿಸಲು ಉಸಿರನ್ನೂ ಬಿಗಿಹಿಡಿದಿದ್ದಳು.

ಸಂಡೂರಿನ ಕಡೆ ಅದಿರಿನ ಲಾರಿಗಳನ್ನು ತೂಕದ ಸೇತುವೆಯ ಮೇಲೆ ಖಾಲಿಯಾಗಿ ಒಮ್ಮೆ, ತುಂಬಿ ಒಮ್ಮೆ ನಿಲ್ಲಿಸುತ್ತಾರೆ. ಮೊದಲ ಸಲ ಡ್ರೈವರು ಒಳಗೆ ಕುಳಿತು, ಎರಡನೆಯ ಸಲ ಇಳಿದು ನಿಂತರೆ ಅದಿರಿನ ಲೆಕ್ಕದಲ್ಲಿ ಒಬ್ಬ ಮನುಷ್ಯ ಮಾಯವಾಗುತ್ತಾನೆ. ನನ್ನ ಎರಡು ಅಳತೆಗಳ ನಡುವೆ ಮಾಯವಾದ 5 ಸೆಂಟಿಮೀಟರು ಇಂಥದೇ.

ಹಾಗಾದರೆ ಸರಿಯಾದ ಕ್ರಮವೇನು? ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗ ಹೊಕ್ಕುಳಲ್ಲ. ಪಕ್ಕೆಯಲ್ಲಿ ಬೆರಳಿಗೆ ಸಿಗುವ ಕೊನೆಯ ಎಲುಬಿನ ಕೆಳಅಂಚು ಒಂದು ಗುರುತು. ಸೊಂಟದ ಮೂಳೆಯ ಮೇಲ್ತುದಿ ಇನ್ನೊಂದು. ಇವೆರಡರ ನಟ್ಟನಡುವೆ ಟೇಪು ಹಾಯಬೇಕು. ಹೊಕ್ಕುಳು ಹೊಟ್ಟೆಯೊಡನೆ ಜೋತುಬೀಳಬಹುದು, ಮೂಳೆ ಜಾಗ ಬಿಡುವುದಿಲ್ಲ. ಎರಡು ಪಾದ ಕೂಡಿಸಿ, ಕೈ ಇಳಿಬಿಟ್ಟು ನಿಲ್ಲಬೇಕು. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ಓದಬೇಕು. ಟೇಪು ಹಿಂದೆಯೂ ಮುಂದೆಯೂ ನೆಲಕ್ಕೆ ಸಮವಾಗಿರಬೇಕು. ಬೆನ್ನ ಹಿಂದೆ ಅದು ಜಾರುವುದು ಅಳೆಯುವವರಿಗೆ ಕಾಣುವುದೇ ಇಲ್ಲ. ಬಿಗಿಯ ವಿಷಯದಲ್ಲಿ ಅಪ್ಪನ ಮಾತಿಗಿಂತ ಚೆನ್ನಾಗಿ ನಾನು ಹೇಳಲಾರೆ: "ಟೇಪು ಮೈ ಮುಟ್ಟಬೇಕು, ಮೈಯಾಗ ಇಳೀಬಾರ್ದು." ಆದರೆ ರವಿಕೆಗೆ ಅವನು ಬಿಡುವ ಲೂಸು ಇಲ್ಲಿ ಸಲ್ಲದು. ಹೆಂಗಸರಿಗೆ ಇನ್ನೊಂದು ತೊಡಕು: ಲಂಗದ ಲಾಡಿ ವರ್ಷಾನುಗಟ್ಟಲೆ ಕಟ್ಟಿದ ಜಾಗದಲ್ಲಿ ಹಳ್ಳ ಬಿದ್ದಿರುತ್ತದೆ; ಟೇಪು ಆ ಹಳ್ಳಕ್ಕೆ ತಾನಾಗಿ ಜಾರುತ್ತದೆ. ಲಾಡಿ ಸಡಿಲಿಸಿ, ಬರಿಯ ಮೈಯ ಮೇಲೆ, ಮನೆಯ ಹೆಣ್ಣುಮಕ್ಕಳೇ ಅಳೆಯುವುದು ಲೇಸು. ಎರಡು ಸಲ ಅಳೆದು, ಅಂತರ ಒಂದು ಸೆಂಟಿಮೀಟರಿನೊಳಗಿದ್ದರೆ ಸರಾಸರಿ; ಮೀರಿದರೆ ಎರಡನ್ನೂ ಬಿಟ್ಟು ಮತ್ತೆ ಮೊದಲಿನಿಂದ.

ದರ್ಜಿಗಳ ಬಾಯಲ್ಲಿ ಇಂಚು ಇನ್ನೂ ಹೋಗಿಲ್ಲ, 1956ರಲ್ಲೇ ಮೆಟ್ರಿಕ್ ಅಳತೆಯ ಕಾಯಿದೆ ಬಂದಿದ್ದರೂ. ಯಾವುದಾದರೂ ಆಗಲಿ, ಒಂದೇ ಇರಲಿ. ಕಾಲು ಇಂಚನ್ನು ಕೈಬಿಟ್ಟರೂ ಅರ್ಧ ಸೆಂಟಿಮೀಟರಿಗೆ ಮೇಲೆ ಹೋಯಿತು. ಒಂದು ಕೆಜಿ ತೂಕ ಇಳಿದರೆ ನಡು ಇಳಿಯುವುದು ಸುಮಾರಾಗಿ ಒಂದೇ ಸೆಂಟಿಮೀಟರು. ಅಳೆಯುವವರ ತಪ್ಪೇ ಅದಕ್ಕಿಂತ ದೊಡ್ಡದಾದರೆ ತಿಂಗಳ ನಡಿಗೆಯ ಫಲ ಅದರಲ್ಲಿ ಮುಳುಗಿಹೋಗುತ್ತದೆ. ನಿತಂಬ, ತೊಡೆ, ತೋಳುಗಳನ್ನೂ ಬರೆದಿಡುವವರುಂಟು. ಭುಜದ ಮೂಳೆಗೂ ಮೊಣಕೈಗೂ ನಟ್ಟನಡುವೆ ತೋಳನ್ನು ಅಳೆಯುತ್ತಾರೆ. ಅವ್ವನಿಗೆ ಅದು ಬೇಕಾಗಲಿಲ್ಲ.

ತಕ್ಕಡಿಯನ್ನು ನಾವು ಬಿಟ್ಟಿಲ್ಲ, ಆದರೆ ಅದರ ಮಾತನ್ನು ದಿನದಿನ ನಂಬುವುದಿಲ್ಲ. ಒಂದು ಲೀಟರು ನೀರು ಕುಡಿದರೆ ಒಂದು ಕೆಜಿ ಏರಿತು. ಕಂಪ್ಲಿಯಲ್ಲಿ ಗದ್ದೆ ಮಾಡುವ ನನ್ನ ಸೋದರಮಾವನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಸರ್ಕಾರದ ಖರೀದಿಗೆ ಭತ್ತದ ತೇವ ನೂರಕ್ಕೆ 17 ಮೀರಬಾರದು. ತೇವ 22 ಇದ್ದ 100 ಕೆಜಿ ಭತ್ತವನ್ನು 17ಕ್ಕೆ ಒಣಗಿಸಿದರೆ 94 ಕೆಜಿ. ಒಂದು ಕಾಳೂ ಹೋಗಿಲ್ಲ, ಹೋದದ್ದು ನೀರು. ಊಟ ಬಿಟ್ಟ ಮೊದಲ ವಾರದಲ್ಲಿ ಎರಡು ಮೂರು ಕೆಜಿ ಇಳಿದೆವೆಂದು ಹಿಗ್ಗುವವರದೂ ಬಹುಪಾಲು ಈ ಕಥೆಯೇ.

ಅವ್ವನಿಗೆ ನಿಜ ಹೇಳುವುದು ಅಳೆಯುವುದಕ್ಕಿಂತ ಕಷ್ಟವಾಯಿತು. ಹೊಸ ಟೇಪು, ಹೊಸ ಕ್ರಮದಲ್ಲಿ ಅಳೆದಾಗ ಬಂದದ್ದು 90. ಅವಳು ಒಂದು ದಿನ ನನ್ನೊಡನೆ ಮಾತಾಡಲಿಲ್ಲ. ಮರುದಿನ ಸಂಜೆ ತಾನೇ ಚಪ್ಪಲಿ ಮೆಟ್ಟಿಕೊಂಡು ಕಾಲುವೆಯ ಕಡೆ ಹೊರಟಳು. ಈಗ ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಚಹಕ್ಕೆ ಮೊದಲು ಅಳೆಯುತ್ತೇವೆ. ನೋಟುಪುಸ್ತಕದಲ್ಲಿ 90, 90, 89½, 88½, 88, 87½ ಎಂದಿದೆ. ಅವಳ ಎತ್ತರ 152; ಅದರ ಅರ್ಧ 76 ಬಹಳ ದೂರ, 80 ಕೂಡ ಹತ್ತಿರವಿಲ್ಲ. ಮುಂದಿನ ಅಳತೆ ಬರುವ ಭಾನುವಾರ. ಅಷ್ಟರೊಳಗೆ ಕಂಪ್ಲಿಯ ಮಾವನ ಮನೆಯಲ್ಲಿ ಒಂದು ಮದುವೆ ಇದೆ.