ದಸರಾ ರಜೆಗೆ ದಾನಾಂಗ್ ಬೇಡ: ವಿಯೆಟ್ನಾಂಗೆ ಎರಡನೇ ಸಲ ಹೊರಟವರ ತಪ್ಪು ಕಲ್ಪನೆಗಳು

ಈಚೆಗೆ ಬೆಂಗಳೂರಿನ ಮನೆಗಳಲ್ಲಿ ವಿಯೆಟ್ನಾಂ ಹೆಸರು ಊಟಿ, ಮುನ್ನಾರ್‌ನಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ಮೊದಲ ಪ್ರವಾಸ ಬಹುಮಟ್ಟಿಗೆ ಒಂದೇ ಅಚ್ಚಿನದು: ಹನೋಯ್, ಹಾಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಹಡಗು, ದಾನಾಂಗ್ ಬಳಿ ದೈತ್ಯ ಕೈಗಳು ಹೊತ್ತು ನಿಂತ ಚಿನ್ನದ ಸೇತುವೆ, ಕೊನೆಗೆ ಹೋ ಚಿ ಮಿನ್ ನಗರ ಮತ್ತು ಕು ಚಿ ಸುರಂಗಗಳು. ಖರ್ಚು ಕೈಗೆಟುಕಿತು, ಮಕ್ಕಳಿಗೆ ಹಿಡಿಸಿತು, ಇನ್ನೊಮ್ಮೆ ಹೋಗೋಣ ಎಂದು ಮನೆಯವರೆಲ್ಲ ಒಪ್ಪುತ್ತಾರೆ. ಎಡವುವುದು ಆಮೇಲೆ. ಮೊದಲ ಸಲ ಯಾವ ಊರು ಎಂದು ಪ್ಯಾಕೇಜಿನವರು ತೀರ್ಮಾನಿಸಿದ್ದರು. ಈ ಸಲ ಆ ಹೊಣೆ ನಮ್ಮದು.

"ಹೋದ ಸಲ ಬಿಟ್ಟುಹೋದ ಜಾಗಗಳ ಪಟ್ಟಿ ಮಾಡಿ, ಅದರಲ್ಲೊಂದು ಆರಿಸಿದರಾಯಿತು." ಎಲ್ಲರೂ ಮೊದಲು ಮಾಡುವುದು ಇದನ್ನೇ, ಕೆಡುವುದೂ ಇಲ್ಲಿಯೇ. ವಿಯೆಟ್ನಾಂ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿ.ಮೀ. ಚಾಚಿಕೊಂಡಿದೆ. ಇಡೀ ದೇಶಕ್ಕೆ ಒಂದೇ 'ಸೀಸನ್' ಎಂಬುದು ಅಲ್ಲಿಲ್ಲ. ನಮಗೋ ಮಕ್ಕಳ ಶಾಲೆ ಕೊಡುವ ರಜೆ ಬಿಟ್ಟರೆ ಬೇರೆ ಕಾಲವಿಲ್ಲ: ಏಪ್ರಿಲ್–ಮೇ, ದಸರಾ, ಕೆಲವರಿಗೆ ಡಿಸೆಂಬರ್ ಕೊನೆ. ಆ ಮೂರಕ್ಕೂ ವಿಯೆಟ್ನಾಂನಲ್ಲಿ ಮೂರು ಬೇರೆ ಬೇರೆ ಉತ್ತರಗಳಿವೆ. ಮೊದಲು ತಾರೀಕು, ಆಮೇಲೆ ಪ್ರದೇಶ.

"ಅಕ್ಟೋಬರ್ ಹೊತ್ತಿಗೆ ಮುಂಗಾರು ಮುಗಿದಿರುತ್ತದೆ, ಸಮುದ್ರ ತೀರಕ್ಕೆ ಹೋಗಬಹುದು." ಗೋಕರ್ಣಕ್ಕೆ ಈ ಲೆಕ್ಕ ಸರಿ. ದಾನಾಂಗ್, ಹೋಯಿ ಆನ್, ಹ್ವೆ ಊರುಗಳಿರುವ ಮಧ್ಯ ಕರಾವಳಿಗೆ ತಲೆಕೆಳಗು. ಲಾವೋಸ್ ಗಡಿಗುಂಟ ಅನ್ನಾಮೈಟ್ ಪರ್ವತಸಾಲು ಎದ್ದಿದೆ. ನಮ್ಮ ಬೇಸಿಗೆಯ ಕೊನೆಗೆ ಶುರುವಾಗುವ ನೈಋತ್ಯ ಮಾರುತ ಆ ಬೆಟ್ಟಗಳ ಪಶ್ಚಿಮಕ್ಕೆ ಮಳೆ ಸುರಿಸಿ, ಇಳಿಜಾರಿನಲ್ಲಿ ಒಣಗಿ ಬಿಸಿಯಾಗಿ ಕರಾವಳಿಗೆ ಬರುತ್ತದೆ. ಆಗುಂಬೆಯನ್ನು ತೋಯಿಸಿದ ಮೋಡ ಚಿತ್ರದುರ್ಗಕ್ಕೆ ಬರಿಗೈಲಿ ಬಂದ ಹಾಗೆ. ಸ್ಥಳೀಯರು ಇದನ್ನು ಲಾವೋಸ್ ಗಾಳಿ ಎನ್ನುತ್ತಾರೆ. ಆ ಕರಾವಳಿಯ ನಿಜವಾದ ಮಳೆಗಾಲ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ, ಬಲಿಯುವುದು ಅಕ್ಟೋಬರ್–ನವೆಂಬರ್‌ನಲ್ಲಿ. ಈಶಾನ್ಯದ ಗಾಳಿ ಸಮುದ್ರದ ನೀರನ್ನು ಹೊತ್ತು ತಂದು ನೇರ ಬೆಟ್ಟಕ್ಕೆ ಬಡಿಯುತ್ತದೆ. ಚೆನ್ನೈಗೆ ಮಳೆ ತರುವುದೂ ಅದೇ ಹೊತ್ತಿನ ಈಶಾನ್ಯ ಮಾರುತ. ಸಾಲದ್ದಕ್ಕೆ ಚಂಡಮಾರುತಗಳೂ ಅದೇ ತಿಂಗಳುಗಳಲ್ಲಿ.

ಹೋಯಿ ಆನ್‌ನ ಹಳೇ ಪೇಟೆಯಲ್ಲಿ ಯಾವ ವರ್ಷ ನೆರೆ ಎಷ್ಟೆತ್ತರ ಬಂದಿತ್ತೆಂದು ಮನೆಯ ಗೋಡೆಗಳ ಮೇಲೆಯೇ ಗುರುತಿಟ್ಟಿದ್ದಾರೆ. 2025ರ ಅಕ್ಟೋಬರ್ ಕೊನೆಯಲ್ಲಿ ಹೋಯಿ ಆನ್, ಹ್ವೆ ಎರಡೂ ಮುಳುಗಿದವು, ಬೀದಿಗಳಲ್ಲಿ ದೋಣಿ ಓಡಾಡಿದವು. ಈ ತಿಂಗಳಲ್ಲಿ ಹೋಟೆಲ್ ಅಗ್ಗ ಎಂದು ಹಿಗ್ಗುವವರು, ಅದು ಯಾಕೆ ಅಗ್ಗ ಎಂದು ಒಮ್ಮೆ ಕೇಳಿಕೊಳ್ಳಬೇಕು. ಇದೇ ಕರಾವಳಿ ಏಪ್ರಿಲ್‌ನಲ್ಲಿ ಎಷ್ಟು ಚೆಂದ! ಆಕಾಶ ತಿಳಿ, ಕಡಲು ಶಾಂತ. ಮೇ ಕೊನೆಗೆ ಸೆಕೆ ಮಾತ್ರ ಮಂಗಳೂರಿನವರಿಗೂ ಜಾಸ್ತಿ ಅನ್ನಿಸೀತು.

ದಸರೆಗೆ ಹೋಗಲೇಬೇಕೆನ್ನುವವರು ಉತ್ತರಕ್ಕೆ ಹೋಗಲಿ. ಹನೋಯ್‌ನಲ್ಲಿ ಅಕ್ಟೋಬರ್ ಎಂದರೆ ಸೆಕೆ ಇಳಿದು ಗಾಳಿ ಹಗುರಾಗುವ ಕಾಲ. ಅಲ್ಲಿಂದ ಸುಮಾರು 300 ಕಿ.ಮೀ. ದೂರದ ಹಾ ಜಾಂಗ್‌ನಲ್ಲಿ ಚೀನಾ ಗಡಿಯ ಸುಣ್ಣದಕಲ್ಲಿನ ಪರ್ವತಗಳ ನಡುವೆ ಅಕ್ಟೋಬರ್–ನವೆಂಬರ್‌ಗೆ ಬಕ್‌ವೀಟ್ ಹೂವು ಅರಳುತ್ತದೆ. ಒಂದೇ ಎಚ್ಚರ: ಸೆಪ್ಟೆಂಬರ್ ಇನ್ನೂ ಚಂಡಮಾರುತದ ತಿಂಗಳು. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಯಾಗಿ ಚಂಡಮಾರುತ ಹಾಲಾಂಗ್ ಕರಾವಳಿಯನ್ನು ಚಿಂದಿ ಮಾಡಿತು. 2025ರಲ್ಲಿ ಅಕ್ಟೋಬರ್ ಆರಂಭದಲ್ಲೂ ಉತ್ತರದಲ್ಲಿ ನೆರೆ ಬಂದಿತ್ತು. ದಸರಾ ಬೇಗ ಬರುವ ವರ್ಷ ಒಂದು ವಾರ ತಡವಾಗಿ ಹೊರಟರೆ ಕಳೆದುಕೊಳ್ಳುವುದೇನೂ ಇಲ್ಲ.

"ಉಷ್ಣವಲಯದ ದೇಶ, ಸ್ವೆಟರ್ ಯಾಕೆ?" ಡಿಸೆಂಬರ್ ರಜೆಗೆ ಹನೋಯ್ ಆರಿಸಿಕೊಂಡವರಿಗೆ ಈ ಪ್ರಶ್ನೆಯ ಉತ್ತರ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. ಅಲ್ಲಿ ಜನವರಿಯ ಸರಾಸರಿ ಉಷ್ಣತೆ 16–17 ಡಿಗ್ರಿ. ಬೆಂಗಳೂರಿನ ಚಳಿಗೆ ಹಗಲಿನ ಬಿಸಿಲಿದೆ. ಹನೋಯ್ ಚಳಿಗೆ ಇರುವುದು ಮೋಡ ಮತ್ತು ತೇವ. ಉತ್ತರದ ಗಿರಿಧಾಮ ಸಾಪಾದಲ್ಲಿ ಕೆಲವು ವರ್ಷ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಈ ಚಳಿಗೆ ತಡೆ ದಾನಾಂಗ್ ಉತ್ತರಕ್ಕಿರುವ ಹಾಯ್ ವಾನ್ ಕಣಿವೆದಾರಿ. ಎತ್ತರ 496 ಮೀಟರ್ ಅಷ್ಟೇ, ಆದರೂ ಉತ್ತರದ ತಣ್ಣನೆಯ ಗಾಳಿ ಬಹುಪಾಲು ಅಲ್ಲೇ ನಿಂತುಬಿಡುತ್ತದೆ. ಡಿಸೆಂಬರ್‌ಗೆ ದಕ್ಷಿಣವೇ ಸರಿ: ಮೆಕಾಂಗ್ ಮುಖಜಭೂಮಿ, ದಾಲಾತ್ ಗಿರಿಧಾಮ, ಫು ಕ್ವೊಕ್ ದ್ವೀಪ.

"ಅಲ್ಲಿ ಹಿರಿಯರಿಗೆ ಏನಿದೆ? ಮಕ್ಕಳ ಪಾರ್ಕು, ಪೇಟೆ, ಬೀಚು ಅಷ್ಟೆ." ಈ ಮಾತು ಕೇಳಿದಾಗ ನನಗೆ ಸಿಟ್ಟೇ ಬರುತ್ತದೆ. ಹೋಯಿ ಆನ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿ ಮಿ ಸನ್ ಇದೆ. ಚಾಮ್ ಜನರ ಚಂಪಾ ರಾಜ್ಯದ ಅರಸರು 4ನೇ ಶತಮಾನದಿಂದ 13ರವರೆಗೆ ಶಿವನಿಗೆ ಕಟ್ಟುತ್ತ ಹೋದ ಇಟ್ಟಿಗೆ ಗುಡಿಗಳು, ಸಂಸ್ಕೃತ ಮತ್ತು ಚಾಮ್ ಭಾಷೆಯ ಶಾಸನಗಳು. 1969ರ ಅಮೆರಿಕನ್ ಬಾಂಬ್ ದಾಳಿಯಲ್ಲಿ ಬಹಳಷ್ಟು ಪುಡಿಯಾಯಿತು. ಉಳಿದದ್ದು 1999ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಭಾರತೀಯ ಪುರಾತತ್ವ ಇಲಾಖೆ ಅಲ್ಲಿ ಜೀರ್ಣೋದ್ಧಾರ ಕೆಲಸ ಮಾಡುತ್ತಿದ್ದಾಗ, 2020ರಲ್ಲಿ, ಏಕಶಿಲೆಯ ಶಿವಲಿಂಗವೊಂದು ಮಣ್ಣಿನಿಂದ ಹೊರಬಂತು.

ಅದಕ್ಕಿಂತಲೂ ನಾನು ಒತ್ತಿ ಹೇಳುವುದು ಇನ್ನೂ ದಕ್ಷಿಣದ ಫಾನ್ ರಾಂಗ್ ಊರಿನ ಬಗ್ಗೆ. ಅಲ್ಲಿನ ಪೋ ಕ್ಲಾಂಗ್ ಗರಾಯ್ ಗುಡಿ ಪಾಳುಬಿದ್ದಿಲ್ಲ. ಬಾಗಿಲ ಮೇಲೆ ನರ್ತಿಸುವ ಶಿವ, ಒಳಗೆ ಮುಖಲಿಂಗ, ಹಿಂದೂ ಚಾಮ್ ಜನರ ಪೂಜೆ ಇಂದಿಗೂ ನಡೆಯುತ್ತಿದೆ. ಅವರ ದೊಡ್ಡ ಹಬ್ಬ ಕಾತೆ ಚಾಮ್ ಪಂಚಾಂಗದ ಏಳನೇ ತಿಂಗಳ ಮೊದಲ ದಿನ, ಅಂದರೆ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ, ನಮ್ಮ ದಸರೆಯ ಆಸುಪಾಸಿಗೆ ಬರುತ್ತದೆ. ಫಾನ್ ರಾಂಗ್ ಸುತ್ತಿನ ನೆಲ ವಿಯೆಟ್ನಾಂನಲ್ಲೇ ಅತ್ಯಂತ ಒಣ ಪ್ರದೇಶ. ಬೀಳುವ ಅಷ್ಟಿಷ್ಟು ಮಳೆ ಬೀಳುವುದೂ ಈ ತಿಂಗಳುಗಳಲ್ಲೇ, ಆದರೆ ಹ್ವೆ ಮಳೆಗೆ ಅದನ್ನು ಹೋಲಿಸುವ ಹಾಗಿಲ್ಲ. ಅಜ್ಜ ಅಜ್ಜಿಯರ ಜೊತೆ ದಸರೆಗೆ ಹೊರಟವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

"ಫಾಂಗ್ ನ್ಯಾ ಎಂದರೆ ಜಗತ್ತಿನ ಅತಿ ದೊಡ್ಡ ಗುಹೆ, ಮಕ್ಕಳಿಗೆ ತೋರಿಸೋಣ." ಮಧ್ಯ ವಿಯೆಟ್ನಾಂನ ಫಾಂಗ್ ನ್ಯಾ ಪ್ರದೇಶದಲ್ಲಿ ಅತಿ ದೊಡ್ಡದು ಸನ್ ಡೂಂಗ್ ಗುಹೆ, ನಿಜ. ಅದು ನಾಲ್ಕು ದಿನದ ಚಾರಣ, ತಲೆಗೆ ಸುಮಾರು 3,000 ಡಾಲರ್, 18 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಕುಟುಂಬಕ್ಕೆ ಒಗ್ಗುವುದು ದೋಣಿಯಲ್ಲಿ ಒಳಹೋಗುವ ಫಾಂಗ್ ನ್ಯಾ ಗುಹೆ ಮತ್ತು ಪ್ಯಾರಡೈಸ್ ಗುಹೆ; ಎರಡನೆಯದರ 31 ಕಿ.ಮೀ. ಉದ್ದದಲ್ಲಿ ಮೊದಲ ಒಂದು ಕಿ.ಮೀ.ಗೆ ಮರದ ಕಾಲುದಾರಿ ಹಾಕಿದ್ದಾರೆ. ಇದೂ ಏಪ್ರಿಲ್–ಮೇ ಜಾಗವೇ.

ಸಸ್ಯಾಹಾರಿಗಳು ದೊಡ್ಡ ಊರುಗಳ ಭಾರತೀಯ ಹೋಟೆಲ್ ಬಿಟ್ಟು ಕದಲಬಾರದು ಎಂಬ ಭಯವೂ ಬೇಡ. ಬೌದ್ಧ ಸಂಪ್ರದಾಯದ 'ಚಾಯ್' ಊಟದ ಅಂಗಡಿಗಳು ಎಲ್ಲೆಡೆ ಇವೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿನ ಅನೇಕರು ಅದನ್ನೇ ಉಣ್ಣುತ್ತಾರೆ. ಮಾಮೂಲಿ ಹೋಟೆಲಿನ ಸೊಪ್ಪಿನ ಪಲ್ಯದಲ್ಲಿ ಮಾತ್ರ ಮೀನಿನ ಸಾಸ್ ಇರುತ್ತದೆ, ಕೇಳದೆ ತಿನ್ನಬೇಡಿ.

ಇನ್ನು ನಕ್ಷೆ. 2025ರ ಜುಲೈ 1ರಿಂದ 63 ಪ್ರಾಂತ್ಯ–ನಗರಗಳನ್ನು ಸೇರಿಸಿ 34 ಮಾಡಿದ್ದಾರೆ. ಹೋಯಿ ಆನ್, ಮಿ ಸನ್ ಈಗ ದಾನಾಂಗ್ ನಗರದೊಳಗೆ, ಹಾ ಜಾಂಗ್ ತುವೆನ್ ಕ್ವಾಂಗ್ ಪ್ರಾಂತ್ಯದೊಳಗೆ. ಹಳೇ ಮಾರ್ಗದರ್ಶಿ ಹಿಡಿದು ಹುಡುಕಿದರೆ ಗೊಂದಲ ಖಂಡಿತ.

ಕೊನೆಯದು ಕೈಯ ಹಣಕ್ಕೆ ಕುತ್ತು ತರುವಂಥದ್ದು: "ಫು ಕ್ವೊಕ್‌ಗೆ ವೀಸಾ ಬೇಡ, ಹಾಗಾಗಿ ವಿಯೆಟ್ನಾಂಗೂ ಬೇಡ." ಆ 30 ದಿನದ ವಿನಾಯಿತಿ ದ್ವೀಪಕ್ಕೆ ಮಾತ್ರ. ಅಲ್ಲಿಂದ ಹೋ ಚಿ ಮಿನ್ ನಗರಕ್ಕೆ ಒಂದು ದಿನ ಬಂದು ಹೋಗುವುದಾದರೂ ಪ್ರತಿಯೊಬ್ಬರಿಗೂ, ಕೈಗೂಸಿಗೂ ಸೇರಿ, ಇ-ವೀಸಾ ಬೇಕು.